ಕೊಳ್ಳಿದೆವ್ವ, ಸುಣ್ಣ ಕೇಳುವ ಹೆಂಗಸು ಮತ್ತು ಮುಳುಗಿದ ಊರು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಒಂದು ಮಾತು ಬರೆದಿದ್ದೆ. ಅಕ್ಟೋಬರ್ 31 ಬರ್ತಾ ಇದೆ, ನಿಮ್ಮೂರಿನ ದೆವ್ವದ ಕಥೆ ಇದ್ದರೆ ಕಳಿಸಿ ಅಂತ. ಸುಮ್ನೆ ಹೇಳಿದ್ದು. ಆದರೆ ಕಾರವಾರದಿಂದ ಭಟ್ಕಳದವರೆಗೆ, ಮೇಲೆ ಶಿರಸಿ, ಸಿದ್ದಾಪುರ, ಜೋಯಿಡಾದಿಂದ ಬಂದ ಕಾಗದ ನೋಡಿದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮನುಷ್ಯರಿಗಿಂತ ದೆವ್ವಗಳೇ ಜಾಸ್ತಿ ಇರಬೇಕು ಅನ್ನಿಸಿತು. ಎಲ್ಲವನ್ನೂ ಹಾಕಲು ಜಾಗ ಇಲ್ಲ. "ಹೀಗಂತೆ" ಅಂತ ಮಾತ್ರ ಇದ್ದವನ್ನು ಪಕ್ಕಕ್ಕಿಟ್ಟು, ಎಲ್ಲಿ, ಯಾವಾಗ, ಯಾರು ಕಂಡರು ಅಂತ ಬರೆದವರ ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಹ್ಯಾಲೋವೀನ್ ಅಂತ ಮುಖಕ್ಕೆ ಬಣ್ಣ ಬಳಿದುಕೊಂಡು ಬನ್ನಿ ಅಂದಿದ್ದಾರೆ. ಮನೆಯಲ್ಲಿ ಅಜ್ಜಿ ಬೈಯುತ್ತಾರೆ. ಇದು ನಮಗೆ ಯಾಕೆ ಬೇಕು? (ಕಾಲೇಜು ಹುಡುಗಿ, ಶಿರಸಿ)

ಬೇಕೇಬೇಕು ಅಂತೇನೂ ಇಲ್ಲ. ಅದು ಐರ್ಲೆಂಡಿನ ಕಡೆಯ ಹಳೇ ಹಬ್ಬ. ಸುಗ್ಗಿ ಮುಗಿದು ಚಳಿ ಶುರುವಾಗುವ ರಾತ್ರಿ ಸತ್ತವರು ಮನೆ ಕಡೆ ಬರುತ್ತಾರೆ ಅಂತ ನಂಬಿಕೆ. ಅಲ್ಲಿಯವರು ಮೊದಲು ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದರು. ಅಮೆರಿಕಕ್ಕೆ ಹೋದ ಮೇಲೆ ಕುಂಬಳಕಾಯಿ ಸಿಕ್ಕಿತು, ದೊಡ್ಡದು, ಕೊರೆಯಲೂ ಸುಲಭ.

ಆದರೆ ಅಜ್ಜಿಗೆ ಒಂದು ಮಾತು ಕೇಳಿ. ಬೂರೆ ಹಬ್ಬದ ರಾತ್ರಿ ಅವರ ಅಣ್ಣತಮ್ಮಂದಿರು ಯಾರ ಹಿತ್ತಲಿಂದ ಏನು ಕದ್ದಿದ್ದರು ಅಂತ. ನಿಮ್ಮ ಶಿರಸಿ, ಸಿದ್ದಾಪುರದ ಕಡೆ ದೀಪಾವಳಿಯ ಹೊತ್ತಿಗೆ ಹುಡುಗರು ರಾತ್ರಿ ಸೌತೆಕಾಯಿ, ಎಳನೀರು ಕದಿಯುವುದು, ಒಬ್ಬರ ಮನೆಯ ಸಾಮಾನನ್ನು ಇನ್ನೊಬ್ಬರ ಅಂಗಳದಲ್ಲಿ ಇಟ್ಟು ಬರುವುದು ಎಲ್ಲ ನಡೆಯುತ್ತಿತ್ತು. ಆ ಒಂದು ರಾತ್ರಿ ಅದು ಕಳ್ಳತನವೇ ಅಲ್ಲ. ಬೆಳಿಗ್ಗೆ ಎದ್ದು ಯಾರೂ ಪೊಲೀಸರ ಹತ್ತಿರ ಹೋಗುವುದಿಲ್ಲ, ಬೈದು ಸುಮ್ಮನಾಗುತ್ತಾರೆ. ಹಾಗೇ ಅಂಟಿಗೆ ಪಂಟಿಗೆಯವರು ದೀಪ ಆರದ ಹಾಗೆ ಹಿಡಿದುಕೊಂಡು ಮನೆಮನೆಗೆ ಹಾಡುತ್ತಾ ಬರುತ್ತಾರಲ್ಲ, ಮನೆಯವರು ಆ ದೀಪಕ್ಕೆ ಎಣ್ಣೆ ಹಾಕಿ ಅಕ್ಕಿ ಕಾಯಿ ಕೊಡುತ್ತಾರಲ್ಲ, ಅದರ ಮುಂದೆ ಚಾಕಲೇಟ್ ಕೇಳುವುದು ಏನು ಮಹಾ.

ಮುಖಕ್ಕೆ ಬಣ್ಣ ಬೇಕಾದರೆ ಬೇಡರ ವೇಷ ಇದೆ. ಮಾರಿಕಾಂಬೆ ಜಾತ್ರೆ ಇಲ್ಲದ ವರ್ಷ, ಹೋಳಿಯ ಹೊತ್ತಿಗೆ. ಊರನ್ನು ಕಾಯಲು ಇಟ್ಟ ಬೇಡರವನು ಹೆಣ್ಣುಮಕ್ಕಳಿಗೇ ಕಾಟ ಕೊಟ್ಟ, ಶೆಟ್ಟರ ಮಗಳು ಉಪಾಯದಿಂದ ಅವನನ್ನು ಮದುವೆಯಾಗಿ ಹಿಡಿದುಕೊಟ್ಟಳು, ಅವನನ್ನು ಸುಟ್ಟಾಗ ತಾನೂ ಆ ಬೆಂಕಿಗೆ ಹಾರಿದಳು ಅಂತ ಅದರ ಕಥೆ. ನವಿಲುಗರಿ ಕಟ್ಟಿ, ಕೈಯಲ್ಲಿ ಕತ್ತಿ ಹಿಡಿದು, ತಮಟೆ ಬಡಿತಕ್ಕೆ ಅವನು ಮೈಮೇಲೆ ಏರಿ ಬರುವಾಗ ನಾನಂತೂ ಇವತ್ತಿಗೂ ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ.

ಪ್ರಶ್ನೆ: ನಮ್ಮ ಮನೆ ಅಘನಾಶಿನಿ ದಂಡೆಯಲ್ಲಿ. ಅಮಾವಾಸ್ಯೆ ರಾತ್ರಿ ಗಜನಿಯಲ್ಲಿ (ನದಿಯ ಉಪ್ಪುನೀರು ನುಗ್ಗುವ ಗದ್ದೆಯಲ್ಲಿ) ಕೊಳ್ಳಿದೆವ್ವ ಓಡಾಡುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಒಂದು ಬೆಂಕಿ ಎರಡಾಗುತ್ತದೆ, ಮತ್ತೆ ಒಂದಾಗುತ್ತದೆ, ಫಕ್ಕನೆ ಆರುತ್ತದೆ. ನೀವು ಇದನ್ನೂ ಸುಳ್ಳು ಅನ್ನುತ್ತೀರಾ? (ನಿವೃತ್ತ ಮಾಸ್ತರರು, ಕುಮಟಾ ತಾಲೂಕು)

ಇಲ್ಲ ಸರ್. ನೀವು ಕಂಡದ್ದು ಖಂಡಿತ ನಿಜ. ಬೆಂಕಿ ಇತ್ತು, ಓಡಾಡಿತು, ಆರಿತು. ಅದರ ಹಿಂದೆ ಯಾರಿದ್ದರು ಅನ್ನುವುದರಲ್ಲಿ ಮಾತ್ರ ನಮ್ಮ ಜಗಳ.

ಹಳೇ ವಿವರಣೆ ನಿಮಗೂ ಗೊತ್ತಿರುತ್ತದೆ. ಕೆಸರಿನಲ್ಲಿ ಎಲೆ, ಬೇರು ಕೊಳೆತು ಮೀಥೇನ್ ಗುಳ್ಳೆ ಏಳುತ್ತದೆ. ಗಜನಿಯಲ್ಲಿ ಕಾಲಿಟ್ಟರೆ ಬುಳುಬುಳು ಅನ್ನುತ್ತದಲ್ಲ, ಅದೇ. ಆದರೆ ಮೀಥೇನ್ ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಅದನ್ನು ಹೊತ್ತಿಸಲು ರಂಜಕದ ಅನಿಲ ಬೇಕು ಅಂತ ಕೆಲವರು ಹೇಳುತ್ತಾರೆ, ಅದನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಪಠ್ಯಪುಸ್ತಕದಲ್ಲಿ ಓದಿದ ಹಾಗೆ ಅದು ಅಷ್ಟು ಸಲೀಸಾದ ಉತ್ತರ ಅಲ್ಲ.

ನನಗೆ ಹೆಚ್ಚು ಒಪ್ಪಿಗೆಯಾಗುವ ಉತ್ತರ ಬೇರೆ, ಅದು ನಿಮ್ಮ ಪ್ರಶ್ನೆಯಲ್ಲೇ ಇದೆ. ಅಮಾವಾಸ್ಯೆ. ಅಮಾವಾಸ್ಯೆ ಮತ್ತು ಹುಣ್ಣಿಮೆಗೆ ಸೂರ್ಯ ಚಂದ್ರ ಎರಡೂ ಸೇರಿ ನೀರನ್ನು ಎಳೆಯುವುದರಿಂದ ಭರತವೂ ದೊಡ್ಡದು, ಇಳಿತವೂ ದೊಡ್ಡದು. ಬೇರೆ ದಿನ ನೀರಿನಡಿ ಇರುವ ಕೆಸರು ಆ ರಾತ್ರಿ ಬಿಟ್ಟುಕೊಳ್ಳುತ್ತದೆ. ಏಡಿ ಹಿಡಿಯುವವರಿಗೆ ಅದೇ ಹಬ್ಬ. ಅಮಾವಾಸ್ಯೆಯ ಏಡಿಯಲ್ಲಿ ಮಾಂಸ ಜಾಸ್ತಿ, ಹುಣ್ಣಿಮೆಯದು ಟೊಳ್ಳು ಅಂತ ಹೇಳುವವರೂ ಇದ್ದಾರೆ. ಸೂಡಿ, ಅಂದರೆ ಒಣಗರಿಯ ಪಂಜು, ಹೊತ್ತಿಸಿಕೊಂಡು ಇಬ್ಬರು ಹೋದರು ಅಂದುಕೊಳ್ಳಿ. ಒಬ್ಬ ಇನ್ನೊಬ್ಬನ ಮುಂದೆ ಬಂದರೆ ಬೆಂಕಿ ಒಂದು. ಬದಿಗೆ ಸರಿದರೆ ಎರಡು. ಕಟ್ಟೆಯ ಆಚೆ ಇಳಿದರೆ ಫಕ್ಕನೆ ಮಾಯ. ಹುಣ್ಣಿಮೆಗೂ ಅವರು ಹೋಗುತ್ತಾರೆ, ಬೆಳದಿಂಗಳಲ್ಲಿ ಮನುಷ್ಯರೇ ಕಾಣುವುದರಿಂದ ಯಾರೂ ಅವರನ್ನು ದೆವ್ವ ಅನ್ನುವುದಿಲ್ಲ, ಅಷ್ಟೇ.

ಇನ್ನೊಂದು ಅನುಮಾನವೂ ನನಗಿದೆ. ಕಗ್ಗ ಭತ್ತ ಕೊಯ್ದ ಮೇಲೆ ಗಜನಿಯಲ್ಲಿ ಮೀನು, ಸಿಗಡಿ ತುಂಬಿರುತ್ತದೆ. ಅದರ ಹಕ್ಕು ಒಬ್ಬರದು, ರಾತ್ರಿ ಬಲೆ ಹಾಕುವವರು ಇನ್ನೊಬ್ಬರು. ಅಂಥವರಿಗೆ ಊರೆಲ್ಲ ಕೊಳ್ಳಿದೆವ್ವ ಅಂತ ಬಾಗಿಲು ಹಾಕಿಕೊಂಡು ಮಲಗುವುದಕ್ಕಿಂತ ದೊಡ್ಡ ಅನುಕೂಲ ಇದೆಯಾ? ಈಗ ತಲೆಗೆ ಕಟ್ಟುವ ಎಲ್‌ಇಡಿ ಟಾರ್ಚ್ ಬಂದಿದೆ. ಮುಂದಿನ ಸಲ ಕಂಡಾಗ ಬೆಳಕು ಕೆಂಪೋ ಬಿಳಿಯೋ ನೋಡಿ ಬರೆಯಿರಿ. ಬಿಳಿ ಆಗಿದ್ದರೆ ದೆವ್ವವೂ ಪೇಟೆಗೆ ಹೋಗಿ ಬಂದಿದೆ ಅಂತ ಅರ್ಥ.

ಪ್ರಶ್ನೆ: ದೇವಿಮನೆ ಘಟ್ಟದಲ್ಲಿ ಬಿಳಿ ಸೀರೆ ಉಟ್ಟ ಹೆಂಗಸು ಕೈ ಮಾಡುತ್ತಾಳೆ ಅಂತ ಡ್ರೈವರುಗಳೆಲ್ಲ ಹೇಳುತ್ತಾರೆ. ನಾನು ಒಂದು ರಾತ್ರಿ ಮೂರು ಗಂಟೆಗೆ ತಿರುವಿನಲ್ಲಿ ಏನೋ ಬೆಳ್ಳಗೆ ನಿಂತದ್ದು ಕಂಡು ಬ್ರೇಕ್ ಹಾಕಿದೆ. ಇಳಿದು ನೋಡಿದರೆ ಯಾರೂ ಇಲ್ಲ. (ಲಾರಿ ಡ್ರೈವರ್, ಅಂಕೋಲಾ)

ಮೊದಲು, ಬ್ರೇಕ್ ಹಾಕಿದಿರಲ್ಲ, ಒಳ್ಳೆಯದಾಯಿತು. ಇಳಿದು ನೋಡಿದ್ದು ಒಳ್ಳೆಯದಲ್ಲ, ಹಿಂದಿನಿಂದ ಬರುವ ಗಾಡಿಗೆ ನೀವು ಕಾಣುವುದಿಲ್ಲ.

ಈ ಹೆಂಗಸು ದೇವಿಮನೆಯಲ್ಲಿ ಮಾತ್ರ ಇಲ್ಲ ಅಣ್ಣಾ. ಅರಬೈಲಿನಲ್ಲೂ ಇದ್ದಾಳೆ. ಘಟ್ಟ ಇರುವಲ್ಲೆಲ್ಲ ಒಬ್ಬಳು ಇದ್ದಾಳೆ. ನನಗೆ ಖುಷಿ ಕೊಡುವ ವಿಷಯ ಬೇರೆಯೇ. ನಮ್ಮ ಅಜ್ಜನ ಕಾಲದಲ್ಲಿ ಇವಳು ಕೈ ಮಾಡುತ್ತಿರಲಿಲ್ಲ, ಸುಣ್ಣ ಕೇಳುತ್ತಿದ್ದಳು. ಆಗ ಜನ ನಡೆದು ಹೋಗುತ್ತಿದ್ದರು, ಸೊಂಟದಲ್ಲಿ ಕವಳದ (ಎಲೆಅಡಿಕೆಯ) ಸಂಚಿ ಇರುತ್ತಿತ್ತು. "ಸ್ವಲ್ಪ ಸುಣ್ಣ ಕೊಡ್ತೀರಾ" ಅಂತ ಕೇಳಿದರೆ ಬೆರಳಲ್ಲಿ ಕೊಡಬಾರದು, ಕತ್ತಿಯ ತುದಿಯಲ್ಲಿ ಕೊಡಬೇಕು, ಕಾಲು ಹಿಂದುಮುಂದು ಇದೆಯಾ ನೋಡಬೇಕು, ಹೀಗೆಲ್ಲ ನಿಯಮ. ಎತ್ತಿನ ಗಾಡಿ ಬಂದ ಮೇಲೆ ಹಿಂದೆ ಹತ್ತಿ ಕೂತಳು, ಎತ್ತು ಮುಂದೆ ಹೋಗದ ಹಾಗೆ ಗಾಡಿ ಭಾರ ಆಯಿತು. ಈಗ ಲಿಫ್ಟ್ ಕೇಳುತ್ತಾಳೆ. ಸತ್ತವಳು ನೂರು ವರ್ಷದಿಂದ ಸತ್ತೇ ಇದ್ದಾಳೆ, ಆದರೆ ನಮ್ಮ ಜೊತೆಜೊತೆಗೆ ಬದಲಾಗುತ್ತಲೇ ಬಂದಿದ್ದಾಳೆ.

ನಿಮಗೆ ಕಂಡದ್ದರ ಬಗ್ಗೆ ಹೇಳುವುದಾದರೆ, ಘಟ್ಟದ ಮಂಜಿನ ಮೇಲೆ ಹೈ ಬೀಮ್ ಬಿದ್ದರೆ ಬೆಳಕು ವಾಪಸ್ಸು ಕಣ್ಣಿಗೇ ಬರುತ್ತದೆ. ಮಂಜು ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ, ದಪ್ಪ ಇದ್ದಲ್ಲಿ ಬೆಳ್ಳಗೆ ನಿಂತ ಹಾಗೆ ಕಾಣುತ್ತದೆ. ಅದಕ್ಕೆ ತಲೆ, ಸೆರಗು ಕೊಡುವುದು ನಮ್ಮ ಮಿದುಳು. ಅದೂ ಎರಡರಿಂದ ಐದು ಗಂಟೆಯ ಒಳಗೆ, ಮೈ ನಿದ್ದೆಗೆ ಎಳೆಯುವ ಹೊತ್ತು. ಕಣ್ಣು ತೆರೆದೇ ಇರುತ್ತದೆ, ಎರಡು ಮೂರು ಸೆಕೆಂಡ್ ಮನುಷ್ಯ ನಿದ್ದೆಗೆ ಜಾರಿರುತ್ತಾನೆ, ಅವನಿಗೇ ಗೊತ್ತಾಗುವುದಿಲ್ಲ. ಆ ತಿರುವಿನಲ್ಲಿ ಅವಳು ಕಂಡರೆ ನಿಮಗೆ ನಿದ್ದೆ ಬರ್ತಾ ಇದೆ ಅಂತಲೇ ತಿಳಿಯಿರಿ. ಬದಿಯಲ್ಲಿ ಜಾಗ ನೋಡಿ ಗಾಡಿ ನಿಲ್ಲಿಸಿ ಅರ್ಧ ಗಂಟೆ ಮಲಗಿ. ಮಂಜಿದ್ದರೆ ಲೋ ಬೀಮ್. ದೇವಿಗೆ ಕೈ ಮುಗಿದು ಹೋಗುವುದನ್ನಂತೂ ನಾನು ಬೇಡ ಅನ್ನುವುದಿಲ್ಲ, ಅಷ್ಟು ಹೊತ್ತಾದರೂ ಗಾಡಿ ನಿಲ್ಲುತ್ತದೆ.

ಪ್ರಶ್ನೆ: ಬೆಳಗಿನ ಜಾವ ಎಚ್ಚರವಾಗುತ್ತದೆ, ಕೈಕಾಲು ಅಲ್ಲಾಡುವುದಿಲ್ಲ, ಎದೆ ಮೇಲೆ ಯಾರೋ ಕೂತ ಹಾಗೆ. (ಹೆಸರು ಬೇಡ, ಹೊನ್ನಾವರ)

ಕನಸು ಕಾಣುವಾಗ ನಾವು ಎದ್ದು ಓಡಬಾರದು ಅಂತ ಮೈಯ ಸ್ನಾಯುಗಳು ಬಂದ್ ಆಗಿರುತ್ತವೆ. ಕೆಲವೊಮ್ಮೆ ಮಿದುಳು ಮೊದಲು ಏಳುತ್ತದೆ, ಮೈ ತಡವಾಗಿ. ಒಂದೆರಡು ನಿಮಿಷದಲ್ಲಿ ಸರಿಯಾಗುತ್ತದೆ. ನಿದ್ದೆ ಕಡಿಮೆಯಾದಾಗ, ಅಂಗಾತ ಮಲಗಿದಾಗ ಜಾಸ್ತಿ. ಪದೇಪದೇ ಆದರೆ ಡಾಕ್ಟರ್ ಹತ್ತಿರ ಹೋಗಿ. ತಾಯಿತ ಕಟ್ಟಿಸಿದ್ದೇನೆ ಅಂತ ಬರೆದಿದ್ದೀರಿ. ಇರಲಿ ಬಿಡಿ, ಆದರೆ ಮಗ್ಗುಲಾಗಿ ಮಲಗಿ.

ಪ್ರಶ್ನೆ: ಕಾರವಾರದ ಕೋಡಿಬಾಗದಲ್ಲಿ ಸಿಗರೇಟು, ಹೆಂಡ ಕೊಡುವ ದೇವರಿದ್ದಾನಂತೆ. ಅದು ದೇವರೋ ದೆವ್ವವೋ? (ಬೆಂಗಳೂರಲ್ಲಿರುವ ಕಾರವಾರದವರು)

ಖಾಪ್ರಿ ದೇವ. ದೆವ್ವ ಅಂದರೆ ಕೋಡಿಬಾಗದವರು ನಿಮ್ಮನ್ನು ಸುಮ್ನೆ ಬಿಡುವುದಿಲ್ಲ. ಕಾಳಿ ನದಿ ಸಮುದ್ರ ಸೇರುವ ಜಾಗದ ಹತ್ತಿರ ಅವನ ಗುಡಿ. ಸಿಗರೇಟು ಹಚ್ಚುತ್ತಾರೆ, ಮೇಣದ ಬತ್ತಿ ಬೆಳಗುತ್ತಾರೆ, ಮದ್ಯದ ಬಾಟಲಿ ಒಪ್ಪಿಸುತ್ತಾರೆ. ಆಫ್ರಿಕಾದಿಂದ ಬಂದವನೊಬ್ಬನ ನೆನಪು ಇದು ಅಂತ ಅಲ್ಲಿಯವರೇ ಹೇಳುತ್ತಾರೆ. ಹೆಸರೂ ಅದನ್ನೇ ಹೇಳುತ್ತದೆ, ಆಫ್ರಿಕಾದವರನ್ನು ಪೋರ್ಚುಗೀಸರು ಕರೆಯುತ್ತಿದ್ದ ಪದವೇ ನಮ್ಮ ಕಡೆ ಬಾಯಿಂದ ಬಾಯಿಗೆ ಬಂದು ಖಾಪ್ರಿ ಆಗಿದೆ. ಗೋವಾದಿಂದ ಗುಲಾಮಗಿರಿ ತಪ್ಪಿಸಿಕೊಂಡು ಬಂದವರ ಮಕ್ಕಳು ಮೊಮ್ಮಕ್ಕಳು ಯಲ್ಲಾಪುರ, ಹಳಿಯಾಳದ ಕಾಡಲ್ಲಿ ಸಿದ್ದಿಗಳಾಗಿ ಇವತ್ತಿಗೂ ಇದ್ದಾರೆ. ಕರಾವಳಿಯಲ್ಲಿ ಉಳಿದ ಒಬ್ಬ ದೇವರಾದ.

ನಮ್ಮ ಜಿಲ್ಲೆಯ ಈ ಗುಣ ನನಗೆ ಇಷ್ಟ. ಅಕಾಲದಲ್ಲಿ ಸತ್ತವನು, ದೂರದಿಂದ ಬಂದವನು, ಬೆಂಕಿಗೆ ಹಾರಿದವಳು, ಹುಲಿ ಹಿಡಿದು ಸತ್ತವನು, ಇವರನ್ನೆಲ್ಲ ಹೆದರಿ ಓಡಿಸುವ ಬದಲು ಒಂದು ಕಲ್ಲು ನಿಲ್ಲಿಸಿ, ವರ್ಷಕ್ಕೊಮ್ಮೆ ಕಾಯಿ ಒಡೆದು ಊರಿನ ಲೆಕ್ಕಕ್ಕೆ ಸೇರಿಸಿಕೊಂಡಿದ್ದಾರೆ. ಮಾಸ್ತಿ, ಜಟ್ಟಿಗ, ಹುಲಿದೇವರು, ಚೌಡಿ. ಹೊರಗಿನವರು ಇವನ್ನು ಭೂತದ ಪೂಜೆ ಅಂತ ಬರೆದಾಗ ನನಗೆ ಕಿರಿಕಿರಿ ಆಗುತ್ತದೆ.

ಪ್ರಶ್ನೆ: ನಮ್ಮ ತೋಟದ ಹಾಳುಬಾವಿ ಇಬ್ಬರನ್ನು ಬಲಿ ತೆಗೆದುಕೊಂಡಿದೆ. ಕೊಡ ತೆಗೆಯಲು ಇಳಿದ ಒಬ್ಬ, ಅವನನ್ನು ಎತ್ತಲು ಇಳಿದ ಇನ್ನೊಬ್ಬ. ನೀರು ಮೊಣಕಾಲಿನಷ್ಟೂ ಇರಲಿಲ್ಲ. ಅಜ್ಜನ ಕಾಲದ ಮಾತು. ಈಗ ಅದನ್ನು ಸ್ವಚ್ಛ ಮಾಡಿಸಬೇಕು, ಯಾರೂ ಬರುತ್ತಿಲ್ಲ. (ಅಡಿಕೆ ಬೆಳೆಗಾರರು, ಸಿದ್ದಾಪುರ)

ಬರದಿದ್ದರೆ ಒಳ್ಳೆಯದೇ. ಈ ಒಂದು ದೆವ್ವವನ್ನು ನಾನು ಪೂರ್ತಿ ನಂಬುತ್ತೇನೆ.

ಎಷ್ಟೋ ವರ್ಷ ಮುಚ್ಚಿದ ಬಾವಿಯ ತಳದಲ್ಲಿ ಎಲೆ ಕಸ ಕೊಳೆಯುತ್ತಾ ಇರುತ್ತದೆ. ಅದು ಆಮ್ಲಜನಕವನ್ನು ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದು ಗಾಳಿಗಿಂತ ಭಾರ, ಮೇಲೆ ಬರದೆ ತಳದಲ್ಲೇ ಕೂರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಇಳಿದವನು ಕೂಗಲೂ ಆಗದೆ ಕುಸಿಯುತ್ತಾನೆ. ಮೇಲಿದ್ದವನಿಗೆ ಕಾರಣ ಕಾಣುವುದಿಲ್ಲ, ಜಾರಿ ಬಿದ್ದ ಅಂದುಕೊಂಡು ಅವನೂ ಇಳಿಯುತ್ತಾನೆ. ಅದಕ್ಕೇ ಇಂಥ ಬಾವಿಗಳ ಕಥೆಯಲ್ಲಿ ಬಲಿ ಯಾವಾಗಲೂ ಜೋಡಿ. ಹಿಂದಿನವರು ದೀಪ ಕಟ್ಟಿ ಇಳಿಸುತ್ತಿದ್ದರು, ಆರಿದರೆ ದೆವ್ವ ಇದೆ ಅಂತ ವಾಪಸ್ಸು ಹೋಗುತ್ತಿದ್ದರು. ಹೆಸರು ತಪ್ಪು, ಕೆಲಸ ಸರಿ. ಆದರೆ ದೀಪ ಉರಿದರೂ ಇಳಿಯುವ ಹಾಗಿಲ್ಲ, ವಿಷದ ಅನಿಲ ಇದ್ದರೆ ಅದು ದೀಪಕ್ಕೆ ಗೊತ್ತಾಗುವುದಿಲ್ಲ. ಅನಿಲ ಅಳೆಯುವ ಯಂತ್ರ, ಗಾಳಿ ಹಾಯಿಸುವ ಬ್ಲೋವರ್, ಸೊಂಟಕ್ಕೆ ಹಗ್ಗ, ಮೇಲೆ ಎಳೆಯಲು ಜನ ಇರುವವರಿಂದಲೇ ಮಾಡಿಸಿ. ಯಾರಾದರೂ ಒಳಗೆ ಬಿದ್ದರೆ ನೀವು ಇಳಿಯಬೇಡಿ, 112ಕ್ಕೆ ಕರೆ ಮಾಡಿ. ಅಲ್ಲಿಯವರೆಗೆ ಬಾವಿಯಲ್ಲಿ ದೆವ್ವ ಇದೆ ಅಂತಲೇ ಊರಲ್ಲಿ ಹೇಳುತ್ತಾ ಇರಿ, ನನ್ನದೇನೂ ತಕರಾರಿಲ್ಲ.

ಪ್ರಶ್ನೆ: ಸೂಪಾ ಹಿನ್ನೀರಿನಲ್ಲಿ ರಾತ್ರಿ ಗಂಟೆ ಸದ್ದು ಕೇಳುತ್ತದೆ ಅಂತ ನಮ್ಮ ಆಯಿ ಹೇಳುತ್ತಾರೆ. (ರಾಮನಗರ, ಜೋಯಿಡಾ ತಾಲೂಕು)

ನಿಮ್ಮ ಆಯಿ ಹುಟ್ಟಿದ್ದು ಆ ನೀರಿನಡಿಯ ಊರಿನಲ್ಲಿ ಇರಬೇಕು ಅಲ್ವಾ? ಸೂಪಾ ಅಂದರೆ ಈಗ ಎಲ್ಲರಿಗೂ ಅಣೆಕಟ್ಟು. ಕಾಳಿ ನದಿಗೆ ಅಡ್ಡ ಕಟ್ಟಿದ 101 ಮೀಟರ್ ಎತ್ತರದ ಗೋಡೆ. ಅದಕ್ಕೂ ಮೊದಲು ಅದೊಂದು ಪೇಟೆ, ತಾಲೂಕಿನ ಕೇಂದ್ರ. 1980ರ ದಶಕದಲ್ಲಿ ನೀರು ನಿಂತಿತು, ಜನ ರಾಮನಗರಕ್ಕೆ ಬಂದರು, ತಾಲೂಕಿನ ಹೆಸರೂ ಜೋಯಿಡಾ ಆಯಿತು. ಗಂಟೆ ಸದ್ದಿಗೆ ಕಾರಣ ಹುಡುಕಬಹುದು. ನೀರಿನ ಮೇಲೆ ರಾತ್ರಿ ಸದ್ದು ತುಂಬ ದೂರ ಹೋಗುತ್ತದೆ, ತಣ್ಣಗಿನ ಗಾಳಿ ಕೆಳಗೆ, ಬೆಚ್ಚಗಿನದು ಮೇಲೆ ಇದ್ದಾಗ ಸದ್ದು ಬಾಗಿ ವಾಪಸ್ಸು ಇಳಿಯುತ್ತದೆ. ಆಚೆ ದಂಡೆಯ ದನದ ಕೊರಳ ಗಂಟೆ ಈಚೆ ಮನೆಯ ಹಿಂದೆಯೇ ಕೇಳಿದ ಹಾಗಾಗುತ್ತದೆ. ಆದರೆ ಇದನ್ನು ಆಯಿಗೆ ವಿವರಿಸಲು ಹೋಗಬೇಡಿ. ಊರಲ್ಲಿ ಯಾವ ದೇವಸ್ಥಾನ ಎಲ್ಲಿತ್ತು, ಅಂಗಡಿ ಯಾರದು, ಸಂತೆ ಯಾವ ವಾರ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಬೇಗ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ರಾತ್ರಿ ಅಲೆ ನೀಲಿಯಾಗಿ ಉರಿಯುತ್ತದೆ. ಮೀನುಗಾರರು ನೋಡಬೇಡ ಅಂತಾರೆ. (ಭಟ್ಕಳ)

ನೋಡಿ, ನೋಡಿ. ಸಿಕ್ಕಾಪಟ್ಟೆ ಚಂದ. ನಾಕ್ಟಿಲೂಕ ಅನ್ನುವ ಒಂದೇ ಕೋಶದ ಜೀವಿ. ನೀರು ಅಲುಗಿದಾಗ ಬೆಳಗುತ್ತದೆ. ಆದರೆ ಅದು ರಾಶಿ ರಾಶಿ ಬಂದಾಗ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಮೀನು ದೂರ ಹೋಗಬಹುದು, ಹಾಗಾಗಿ ಬಲೆ ಹಾಕುವವರಿಗೆ ಅದು ಅಪಶಕುನ ಅನ್ನಿಸಿದರೆ ತಪ್ಪೇನಿಲ್ಲ.

ಪ್ರಶ್ನೆ: ನೀವು ಎಲ್ಲದಕ್ಕೂ ಕಾರಣ ಹೇಳುತ್ತೀರಿ. ನಿಮಗೆ ಬಿಡಿಸಲಾಗದ್ದು ಒಂದೂ ಇಲ್ಲವಾ? (ಕಾರವಾರ)

ಇದೆ. ಆದರೆ ಅದರಲ್ಲಿ ದೆವ್ವ ಇಲ್ಲ.

1979ರ ಜೂನ್ 30ರಂದು ನಮ್ಮ ಪಕ್ಕದ ಮರ್ಮಗೋವಾ ಬಂದರಿನಿಂದ ಕೈರಳಿ ಅನ್ನುವ ಹಡಗು ಹೊರಟಿತು. ಕೇರಳ ಸರ್ಕಾರದ ಶಿಪ್ಪಿಂಗ್ ನಿಗಮದ್ದು. ಹೊಟ್ಟೆ ತುಂಬ ಕಬ್ಬಿಣದ ಅದಿರು, ಸುಮಾರು 50 ಜನ. ಜಿಬೂಟಿ ಮೇಲೆ ಜರ್ಮನಿಗೆ ಹೋಗಬೇಕಿತ್ತು. ಜುಲೈ 3ರ ನಂತರ ರೇಡಿಯೋದಲ್ಲಿ ಮಾತಿಲ್ಲ. ಹಡಗು ಇವತ್ತಿಗೂ ಸಿಕ್ಕಿಲ್ಲ. ಮಳೆಗಾಲ, ಒದ್ದೆ ಅದಿರು. ಒದ್ದೆ ಅದಿರು ಅಲೆಯ ಹೊಡೆತಕ್ಕೆ ಗಟ್ಟಿತನ ಬಿಟ್ಟು ಅಂಬಲಿ ಹಾಗೆ ಒಂದು ಬದಿಗೆ ಹರಿಯಬಲ್ಲದು, ಹಾಗಾದರೆ ಹಡಗು ಮಗುಚಲು ನಿಮಿಷಗಳು ಸಾಕು. ಇದು ಸಾಧ್ಯತೆ. ಸಾಕ್ಷಿ ಸಮುದ್ರದ ಅಡಿಯಲ್ಲಿದೆ.

ಇನ್ನೊಂದು ನಮ್ಮ ಮನೆಯೊಳಗಿನದು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಸುವರ್ಣ ತ್ರಿಭುಜ ಅನ್ನುವ ಬೋಟ್ ಹೋಯಿತು. ಏಳು ಜನ. ಐವರು ನಮ್ಮ ಜಿಲ್ಲೆಯವರು. ಒಂದೆರಡು ದಿನದಲ್ಲೇ ಮಹಾರಾಷ್ಟ್ರದ ಮಾಲ್ವಣದ ಕಡೆ ಸಂಪರ್ಕ ತಪ್ಪಿತು. ಮುಂದಿನ ವರ್ಷ ಮೇ ತಿಂಗಳಲ್ಲಿ ನೌಕಾಪಡೆಯ ನಿರೀಕ್ಷಕ್ ಹಡಗು ಅಲ್ಲಿ ಸಮುದ್ರದ ತಳದಲ್ಲಿ, ಸುಮಾರು 60 ಮೀಟರ್ ಆಳದಲ್ಲಿ, ಬೋಟಿನ ಅವಶೇಷ ಕಂಡಿತು. ಬೋಟ್ ಸಿಕ್ಕಿತು, ಜನ ಸಿಗಲಿಲ್ಲ. ಆ ನಾಲ್ಕೂವರೆ ತಿಂಗಳಲ್ಲಿ ನಮ್ಮ ಕರಾವಳಿಯಲ್ಲಿ ಹುಟ್ಟಿದ ಕಥೆಗಳಿಗೆ ಲೆಕ್ಕ ಇಲ್ಲ. ಯಾರೋ ಎಳೆದೊಯ್ದರು, ಯಾವುದೋ ದೇಶದಲ್ಲಿ ಇದ್ದಾರೆ, ಫೋನ್ ರಿಂಗ್ ಆಯಿತು. ಮಾತ್ರ ಒಬ್ಬರೂ ಅದನ್ನು ದೆವ್ವದ ಕಥೆ ಮಾಡಲಿಲ್ಲ, ಗಮನಿಸಿದ್ದೀರಾ? ಕಾಯುವವರು ಇರುವ ಮನೆಯ ಹತ್ತಿರ ಆ ಮಾತು ಯಾರ ಬಾಯಿಗೂ ಬರುವುದಿಲ್ಲ. ಏಳು ವರ್ಷ ಸುದ್ದಿ ಇಲ್ಲದಿದ್ದರೆ ಸತ್ತಿದ್ದಾರೆ ಅಂತ ಭಾವಿಸಬಹುದು ಅನ್ನುತ್ತದೆ ಕಾನೂನು. ಕಾನೂನಿಗೆ ಒಂದು ತಾರೀಖು ಬೇಕಲ್ಲ. ಈ ಅಂಕಣಕ್ಕೆ ಇದರ ಬಗ್ಗೆ "ಏನಾಗಿರಬಹುದು" ಅಂತ ಮೂವರು ಬರೆದಿದ್ದರು, ಆ ಮೂರನ್ನೂ ನಾನು ಹಾಕಿಲ್ಲ.

ಪ್ರಶ್ನೆ: ಕೊನೆಗೆ ನಿಮಗೆ ದೆವ್ವ ಕಂಡಿದೆಯಾ ಇಲ್ಲವಾ, ಹೇಳಿ. (ಹಲವರು)

ಒಂದು ಸಲ. ಎಂಟನೇ ಕ್ಲಾಸು. ಪಕ್ಕದೂರಿಗೆ ಯಕ್ಷಗಾನದ ಆಟ ನೋಡಲು ಹೋಗಿದ್ದೆ, ನಿದ್ದೆ ತಡೆಯದೆ ಅರ್ಧಕ್ಕೇ ಎದ್ದು ಬಂದೆ. ಟಾರ್ಚಿನ ಸೆಲ್ಲು ಮುಗಿದಿತ್ತು. ನಮ್ಮ ತೋಟದ ಹಳ್ಳಕ್ಕೆ ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ. ಈಚೆ ನಾನು, ಆಚೆ ಕಪ್ಪಗೆ ಏನೋ. ನಾನು ನಿಂತೆ, ಅದೂ ನಿಂತಿತು. ನಾನು ಕೆಮ್ಮಲಿಲ್ಲ, ಅದು ಕೆಮ್ಮಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಆ ಕಡೆಯಿಂದ ಮೆತ್ತಗೆ, ಬಾಯಲ್ಲಿ ಏನೋ ಇಟ್ಟುಕೊಂಡ ಹಾಗೆ ಒಂದು ಸ್ವರ ಬಂತು: "ಸುಣ್ಣ ಇದ್ದಾ?"

ನಾನು ಓಡಿದ್ದು ಮನೆಗಲ್ಲ, ವಾಪಸ್ಸು ಆಟದ ಬಯಲಿಗೆ. ಚಪ್ಪಲಿ ಹಳ್ಳದಲ್ಲೇ ಹೋಯಿತು. ಬೆಳಗಾಗುವವರೆಗೆ ಚೆಂಡೆಯವರ ಹಿಂದೆ ಕೂತಿದ್ದೆ.

ಬೆಳಿಗ್ಗೆ ಮನೆಗೆ ಬಂದರೆ ಅಪ್ಪ ಜಗುಲಿಯಲ್ಲಿ ಕೂತು ಆಯಿಗೆ ಹೇಳುತ್ತಿದ್ದರು. ರಾತ್ರಿ ಮಾಣಿಯನ್ನು ಕರೆತರಲು ಹೊರಟಿದ್ದೆ, ಗಾಳಿಗೆ ಚಿಮಣಿ ಆರಿತು, ಸಂಕದ ಹತ್ತಿರ ಪಕ್ಕದ ಮನೆಯವರು ನಿಂತಿದ್ದರು, ಕವಳಕ್ಕೆ ಸುಣ್ಣ ಕೇಳಿದರೆ ಮನುಷ್ಯ ಮಾತಾಡದೆ ಎದ್ದುಬಿದ್ದು ಓಡಿದ, ಅವರಿಗೆ ಏನೋ ಹಿಡಿದಿದೆ, ಇವತ್ತೇ ಹೋಗಿ ಹೇಳಿ ಬರಬೇಕು ಅಂತ. ಆಯಿ ನನ್ನ ಬರಿಗಾಲು ನೋಡಿದಳು, ಅಪ್ಪನ ಮುಖ ನೋಡಿದಳು, ಒಳಗೆ ಹೋಗಿ ಸುಣ್ಣದ ಡಬ್ಬಿ ತಂದು ಅಪ್ಪನ ಎದುರು ಟಪ್ ಅಂತ ಇಟ್ಟಳು.